ಓಟ ಮುಗಿದ ಮೇಲೆ ಕುದುರೆ ಎಲ್ಲಿಗೆ ಹೋಗುತ್ತದೆ?

ಬೆಂಗಳೂರಿನ ರೇಸ್ ಕೋರ್ಸ್ ಮಾತು ಬಂದಾಗಲೆಲ್ಲ ಎರಡೇ ಪ್ರಶ್ನೆ ಕೇಳಿಸುತ್ತವೆ. ಅದು ಜೂಜೋ, ಆಟವೋ? ಊರ ನಡುವಿನ ಆ ಸುಮಾರು 85 ಎಕರೆ ಯಾರಿಗೆ ಸೇರಬೇಕು? ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಟಿವಿ ಚರ್ಚೆಯಲ್ಲಾಗಲಿ, ಮನೆಯಲ್ಲಿ ಊಟಕ್ಕೆ ಕೂತಾಗಿನ ಮಾತಲ್ಲಾಗಲಿ, ಅಲ್ಲಿರುವ ಕುದುರೆಗಳ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅವುಗಳ ಮೈ ಉಜ್ಜಿ, ಕಾಲು ತಿಕ್ಕಿ ಸಂಸಾರ ಸಾಕುವವರ ಬಗ್ಗೆಯಂತೂ ಇಲ್ಲವೇ ಇಲ್ಲ.

ನಾನು ಬಾಜಿ ಕಟ್ಟುವವಳಲ್ಲ. ರೇಸ್ ಚಟಕ್ಕೆ ಬಿದ್ದು ಮನೆ ಕಳೆದುಕೊಂಡವರನ್ನು ನಮ್ಮ ನೆಂಟರಲ್ಲೇ ನೋಡಿದ್ದೇನೆ. ಆದರೆ ಕುದುರೆ ಅಂದರೆ ನನಗೆ ಮೊದಲಿಂದಲೂ ಪ್ರಾಣ. ಊರಾಚೆ ಒಂದು ಸವಾರಿ ಶಾಲೆಗೆ ವಾರದ ಕೊನೆಯಲ್ಲಿ ಹೋಗಲು ಶುರು ಮಾಡಿದ ಮೇಲೆ ಈ ವ್ಯವಹಾರದ ಒಳಗು ಸ್ವಲ್ಪ ಸ್ವಲ್ಪವಾಗಿ ಅರ್ಥವಾಗುತ್ತಾ ಬಂತು. ನಾನು ಹತ್ತುವ ಕುದುರೆ ಹಿಂದೆ ರೇಸ್ ಓಡಿದ್ದು. ಅದನ್ನು ನೋಡಿಕೊಳ್ಳುವ ಭಾಯ್ ಕೂಡ ವರ್ಷಗಟ್ಟಲೆ ರೇಸ್ ಲಾಯದಲ್ಲಿ ಸೈಸ್, ಅಂದರೆ ಕುದುರೆಯ ಆರೈಕೆ ಮಾಡುವ ಕೆಲಸಗಾರ, ಆಗಿದ್ದವರು. ಇಬ್ಬರೂ ಒಂದು ವ್ಯಾಪಾರ ಸೊರಗಿದಾಗ ಇನ್ನೊಂದು ವ್ಯಾಪಾರಕ್ಕೆ ಬಂದವರು.

ಭಾಯ್ ಕೆಲಸ ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಬೆಳಗ್ಗೆ ಬಂದವರೇ ಮೊದಲು ಲದ್ದಿ ನೋಡುತ್ತಾರೆ. ಎಷ್ಟು ಬಿದ್ದಿದೆ, ಗಟ್ಟಿಯೋ ನೀರೋ. ಕುದುರೆಗೆ ವಾಂತಿ ಮಾಡಿಕೊಳ್ಳಲು ಆಗುವುದಿಲ್ಲ. ಹೊಟ್ಟೆ ಕಟ್ಟಿತು ಅಂದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೇ ಬರಬಹುದು. ಆಮೇಲೆ ರಾತ್ರಿ ಹಾಕಿದ ಓಟ್ಸ್, ಹುರುಳಿ, ಬೂಸಾ ಪೂರ್ತಿ ತಿಂದಿದೆಯಾ, ಕುದುರೆಮೆಂತೆ ಸೊಪ್ಪು ಉಳಿಸಿದೆಯಾ ಅಂತ ನೋಡುತ್ತಾರೆ. ಆಮೇಲೆ ಕೆಳಗೆ ಕೂತು, ಮೊಣಕಾಲಿಂದ ಗೊರಸಿನವರೆಗೆ ಹಿಂಬದಿಯ ಸ್ನಾಯುರಜ್ಜಿನ ಮೇಲೆ ನಿಧಾನಕ್ಕೆ ಅಂಗೈ ಇಳಿಸುತ್ತಾರೆ. ನಾಲ್ಕೂ ಕಾಲಿಗೆ ಹೀಗೇ. ಒಂದು ಕಡೆ ಚೂರು ಬಿಸಿ ಅನ್ನಿಸಿದರೂ ಆ ದಿನ ಜೀನು ಹಾಕುವುದಿಲ್ಲ. "ಕಣ್ಣಿಗೆ ಕಾಣೋಕೆ ಮುಂಚೆ ಕೈಗೆ ಗೊತ್ತಾಗುತ್ತೆ ಮೇಡಂ. ಕುಂಟೋವರೆಗೂ ಕಾದ್ರೆ ಆರು ತಿಂಗಳು ಹೋಯ್ತು ಅಂತಲೇ" ಅಂದರು ಒಮ್ಮೆ. ಇದನ್ನು ಅವರಿಗೆ ಯಾವ ಶಾಲೆಯೂ ಕಲಿಸಿದ್ದಲ್ಲ. ಅವರ ತಂದೆಯೂ ಇದೇ ಕೆಲಸದಲ್ಲಿದ್ದವರು.

ಈ ಕೈಗಳಿಗೆ ಸಂಬಳ ಎಲ್ಲಿಂದ ಬರುತ್ತಿತ್ತು ಅಂತ ಹುಡುಕಿಕೊಂಡು ಹೋದರೆ ಕೊನೆಗೆ ಬಾಜಿಯ ಕಿಟಕಿಗೇ ಬಂದು ನಿಲ್ಲಬೇಕು. ಜನ ಟೋಟ್‌ನಲ್ಲಿ, ಅಂದರೆ ಎಲ್ಲರ ಬಾಜಿ ಒಟ್ಟಿಗೆ ಸೇರುವ ಕಡೆ, ದುಡ್ಡು ಹಾಕುತ್ತಾರೆ. ಅದರಲ್ಲಿ ರೇಸ್ ನಡೆಸುವ ಕ್ಲಬ್ ಒಂದು ಪಾಲು ಕಮಿಷನ್ ಹಿಡಿದು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ. ಕಮಿಷನ್‌ನಿಂದ ಬಹುಮಾನದ ಹಣ ಹೊರಡುತ್ತದೆ. ಬಹುಮಾನದ ಆಸೆಗೆ ಮಾಲೀಕರು ಕುದುರೆ ಕೊಳ್ಳುತ್ತಾರೆ, ಪ್ರತಿ ತಿಂಗಳು ಟ್ರೇನರ್‌ಗೆ ದುಡ್ಡು ಕಟ್ಟುತ್ತಾರೆ. ಟ್ರೇನರ್ ಸೈಸ್‌ಗಳಿಗೆ, ಲಾಳ ಕಟ್ಟುವವರಿಗೆ, ಬೆಳಗಿನ ಸವಾರರಿಗೆ ಸಂಬಳ ಕೊಡುತ್ತಾರೆ. ಮೇವು ಬೆಳೆಯುವ ರೈತನಿಗೂ ಇಲ್ಲಿಂದಲೇ ದುಡ್ಡು. ಸ್ಟಡ್ ಫಾರಂಗಳು ಮರಿ ಹಾಕಿಸುವುದೂ ಮುಂದೆ ಕೊಳ್ಳುವವರು ಇರುತ್ತಾರೆ ಅನ್ನುವ ನಂಬಿಕೆಯ ಮೇಲೆ.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ರೇಸ್ ಬಾಜಿಗೆ ಶೇ 28. ದರಕ್ಕಿಂತ ದೊಡ್ಡ ತಕರಾರು ಆ ತೆರಿಗೆಯನ್ನು ಯಾವುದರ ಮೇಲೆ ಹಾಕಬೇಕು ಅನ್ನುವುದಾಗಿತ್ತು. ಕ್ಲಬ್ ಹಿಡಿಯುವ ಕಮಿಷನ್ ಮೇಲೋ, ಕಟ್ಟಿದ ಬಾಜಿಯ ಪೂರ್ತಿ ಮೊತ್ತದ ಮೇಲೋ? ಲೆಕ್ಕ ಸುಲಭವಾಗಲಿ ಅಂತ 100 ರೂಪಾಯಿ ಬಾಜಿಗೆ 10 ರೂಪಾಯಿ ಕಮಿಷನ್ ಅಂತ ಇಟ್ಟುಕೊಳ್ಳಿ. ಕಮಿಷನ್ ಮೇಲಾದರೆ ತೆರಿಗೆ 2 ರೂಪಾಯಿ 80 ಪೈಸೆ. ಪೂರ್ತಿ ಮೊತ್ತದ ಮೇಲಾದರೆ 28 ರೂಪಾಯಿ. ಬೆಂಗಳೂರು ಟರ್ಫ್ ಕ್ಲಬ್ ಹೂಡಿದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2021ರ ಜೂನ್‌ನಲ್ಲಿ ಕಮಿಷನ್ ಮೇಲೆ ಮಾತ್ರ ಅಂತ ತೀರ್ಪು ಕೊಟ್ಟಿತು. ಆದರೆ 2023ರಲ್ಲಿ ಜಿಎಸ್‌ಟಿ ಮಂಡಳಿ ಕ್ಯಾಸಿನೊ, ಆನ್‌ಲೈನ್ ಗೇಮ್‌ಗಳ ಜೊತೆಗೆ ಕುದುರೆ ರೇಸನ್ನೂ ಸೇರಿಸಿ ಪೂರ್ತಿ ಮೊತ್ತದ ಮೇಲೆ ಶೇ 28 ಅಂತ ತೀರ್ಮಾನ ಮಾಡಿತು. ಅದು ಅಕ್ಟೋಬರ್ 1ರಿಂದ ಜಾರಿಯಾಯಿತು. 2025ರ ಸೆಪ್ಟೆಂಬರ್ 22ರಿಂದ ಅದೇ ತೆರಿಗೆ ಶೇ 40. ಈಗ ಕೈಯಲ್ಲಿ 1000 ರೂಪಾಯಿ ಹಿಡಿದು ಕಿಟಕಿಗೆ ಹೋದವನದು ಸುಮಾರು 714 ಬಾಜಿಗೆ ಹೋಗುತ್ತದೆ, 286 ತೆರಿಗೆಗೆ. ಗೆದ್ದ ದುಡ್ಡನ್ನು ಮತ್ತೆ ಹಾಕಿದರೆ ಮತ್ತೆ ಅಷ್ಟೇ ಕಡಿತ. ಮೊತ್ತ ದೊಡ್ಡದಾದರೆ ಗೆಲುವಿನ ಮೇಲೆ ಶೇ 30 ಟಿಡಿಎಸ್ ಬೇರೆ.

"ಜೂಜಿಗೆ ತೆರಿಗೆ ಜಾಸ್ತಿ ಹಾಕಿದ್ರೆ ಒಳ್ಳೇದೇ ಅಲ್ವಾ?" ಅಂತ ನನ್ನ ತಂಗಿ ಕೇಳಿದಳು. ಬಾಜಿ ಕಟ್ಟುವವರು ಅದರಿಂದ ಆಟ ಬಿಡುವ ಹಾಗಿದ್ದರೆ ನಾನೂ ಹೌದು ಅನ್ನುತ್ತಿದ್ದೆ. ಆದರೆ ಫೋನಿನಲ್ಲಿ ಬಾಜಿ ತೆಗೆದುಕೊಳ್ಳುವ ಕಳ್ಳ ಬುಕ್ಕಿಗೆ ಜಿಎಸ್‌ಟಿ ಇಲ್ಲ, ಟಿಡಿಎಸ್ಸೂ ಇಲ್ಲ. ಆಡುವವನು ಆ ಕಡೆ ಹೋಗುತ್ತಾನೆ. ಓಡುವುದು ಅದೇ ಕುದುರೆ. ಸರ್ಕಾರಕ್ಕೂ ಏನೂ ಬರುವುದಿಲ್ಲ, ಆ ಕುದುರೆಯ ಹೊಟ್ಟೆಗೂ ಒಂದು ಪೈಸೆ ಬರುವುದಿಲ್ಲ. ಹಾಂಗ್‌ಕಾಂಗ್ ಈ ಪಾಠವನ್ನು ಬೇಗ ಕಲಿತಿತು. ಅಲ್ಲೂ ಮೊದಲು ಬಾಜಿಯ ಮೊತ್ತದ ಮೇಲೇ ತೆರಿಗೆ ಇತ್ತು. 2006ರಲ್ಲಿ ಅದನ್ನು ಬಿಟ್ಟು, ಗೆದ್ದವರಿಗೆ ಹಂಚಿ ಉಳಿದ ಹಣದ ಮೇಲೆ ತೆರಿಗೆ ಹಾಕಿದರು. ದರ ಕಡಿಮೆಯೇನಲ್ಲ, ಶೇ 70 ದಾಟುತ್ತದೆ. ಆದರೂ ಕುಸಿಯುತ್ತಿದ್ದ ರೇಸ್ ವಹಿವಾಟು ಅಲ್ಲಿ ಮತ್ತೆ ಏರಿತು. ತೆರಿಗೆ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ.

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿದ್ದು ಬೇರೆಯದು. ಕುದುರೆಯ ಕಾಲ ಒಂದು, ಸರ್ಕಾರದ ಕಾಲ ಇನ್ನೊಂದು. ರೇಸ್ ಕುದುರೆ ಅಂದರೆ ಥರೋಬ್ರೆಡ್ ತಳಿ. ಈ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ. ಗಂಡು ಹೆಣ್ಣು ಸೇರಿಯೇ ಹುಟ್ಟಬೇಕು, ಇಲ್ಲದಿದ್ದರೆ ದಾಖಲೆ ಪುಸ್ತಕದಲ್ಲಿ ಹೆಸರಿಲ್ಲ. ಗರ್ಭ ಹನ್ನೊಂದು ತಿಂಗಳು. ಹುಟ್ಟಿದ ಮರಿಗೆ ಎರಡು ವರ್ಷವಾಗದೆ ಓಟ ಇಲ್ಲ. ಹೆಣ್ಣು ಕುದುರೆಗೆ ಗರ್ಭ ಕಟ್ಟಿಸುವ ದಿನಕ್ಕೂ ಮರಿ ಮೊದಲ ರೂಪಾಯಿ ದುಡಿಯುವ ದಿನಕ್ಕೂ ಮೂರು, ನಾಲ್ಕು ವರ್ಷ ಆಗೇ ಆಗುತ್ತದೆ. ಈಗ ಆ ತೆರಿಗೆಯ ವರ್ಷಗಳನ್ನು ಇದರ ಪಕ್ಕ ಇಟ್ಟು ನೋಡಿ. 2021ರ ಹೈಕೋರ್ಟ್ ತೀರ್ಪನ್ನು ನಂಬಿ ಯಾರೋ ಒಬ್ಬರು 2022ರ ಸೀಸನ್‌ನಲ್ಲಿ ಗರ್ಭ ಕಟ್ಟಿಸಿದರು ಅಂದುಕೊಳ್ಳೋಣ. ಮರಿ 2023ರಲ್ಲಿ ಹುಟ್ಟಿತು. ಅದು ತಾಯಿ ಹಾಲು ಬಿಡುವ ಹೊತ್ತಿಗೆ ಪೂರ್ತಿ ಮೊತ್ತದ ಮೇಲೆ ಶೇ 28. ಬೆನ್ನಿಗೆ ಜೀನು ಹಾಕಿಸಿಕೊಂಡು, ಸವಾರಿ ಕಲಿತು, 2025ರ ಕೊನೆಗೆ ಮೊದಲ ಓಟಕ್ಕೆ ನಿಲ್ಲುವ ಹೊತ್ತಿಗೆ ಶೇ 40. ಒಂದು ಮರಿ ದೊಡ್ಡದಾಗುವಷ್ಟರಲ್ಲಿ ಅದರ ಕಾಲ ಕೆಳಗಿನ ಲೆಕ್ಕ ಎರಡು ಸಲ ಬದಲಾಯಿತು. ಅಂಗಡಿಯವನಾದರೆ ಮುಂದಿನ ತಿಂಗಳು ಮಾಲು ಕಡಿಮೆ ತರಿಸಬಹುದು. ಹುಟ್ಟಿರುವ ಕುದುರೆಯನ್ನು ವಾಪಸ್ ಮಾಡುವುದು ಹೇಗೆ?

ಇನ್ನು ಜಮೀನಿನ ಮಾತು. ದೊಡ್ಡ ಊರುಗಳ ನಡುವೆ ಇಷ್ಟು ಬಯಲು ಉಳಿದಿರುವುದು ರೇಸ್ ಕೋರ್ಸ್‌ಗಳಲ್ಲೇ. ಹಾಗಾಗಿ ಎಲ್ಲರ ಕಣ್ಣೂ ಅಲ್ಲೇ. ಮಕಾವಿನಲ್ಲಿ ಜಾಕಿ ಕ್ಲಬ್ 2024ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಸಿಂಗಪುರದಲ್ಲಿ 180 ವರ್ಷಕ್ಕೂ ಹೆಚ್ಚು ಕಾಲ ನಡೆದ ರೇಸ್ 2024ರ ಅಕ್ಟೋಬರ್ 5ರಂದು ಕೊನೆಯಾಯಿತು. ಅಲ್ಲಿ ಮನೆಗಳು ಬರುತ್ತವೆ. ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಕ್ಲಬ್ಬಿಗೆ ಸುಮಾರು 91 ಎಕರೆ ಬಿಟ್ಟು 120 ಎಕರೆಯನ್ನು ಪಾರ್ಕಿಗೆ ಪಡೆದುಕೊಂಡರು. ಚೆನ್ನೈನ ಗಿಂಡಿಯಲ್ಲಿ ಬಾಡಿಗೆ ತಕರಾರು ಬೆಳೆದು, 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಗುತ್ತಿಗೆ ರದ್ದು ಮಾಡಿ ಬೀಗ ಹಾಕಿತು. ನಮ್ಮಲ್ಲಿ ಟರ್ಫ್ ಕ್ಲಬ್ಬಿನ ಗುತ್ತಿಗೆ 2009ಕ್ಕೇ ಮುಗಿದಿದೆ. ಚಿಕ್ಕಜಾಲಕ್ಕೆ ಸಾಗಿಸುತ್ತಾರೆ ಅಂತ ಒಮ್ಮೆ, ಕುಣಿಗಲ್‌ಗೆ ಅಂತ ಇನ್ನೊಮ್ಮೆ ಮಾತು ಬರುತ್ತದೆ. 2024ರಲ್ಲಿ ಪರವಾನಗಿ ವಿಚಾರ ಹೈಕೋರ್ಟ್ ಮೆಟ್ಟಿಲೇರಿ ಬೇಸಿಗೆ ರೇಸ್ ನಿಂತೇಹೋಯಿತು. ರೇಸ್ ನಿಂತರೂ ಕುದುರೆ ತಿನ್ನುವುದು ನಿಲ್ಲುವುದಿಲ್ಲ. ದಿನಾ ನಡೆಸಲೇಬೇಕು, ಮೈ ತಿಕ್ಕಲೇಬೇಕು. ಇದನ್ನು ಆ ದಿನಗಳಲ್ಲಿ ಸೈಸ್‌ಗಳು ಬಂದಬಂದವರಿಗೆಲ್ಲ ಹೇಳಿದರು, ಕೇಳಿಸಿಕೊಂಡವರು ಕಡಿಮೆ.

ನನ್ನ ಮಟ್ಟಿಗೆ, ಊರ ನಡುವೆ ಒಂದು ದೊಡ್ಡ ಪಾರ್ಕ್ ಆದರೆ ಸಂತೋಷವೇ. ಕಬ್ಬನ್ ಪಾರ್ಕಿನ ನೆರಳು ಉಂಡವರಿಗೆ ಇನ್ನೊಂದು ಅಂಥದ್ದು ಬೇಡ ಅನ್ನಲು ಬಾಯಿ ಬರುವುದಿಲ್ಲ. ಸಾಗಿಸುವುದಾದರೆ ಸಾಗಿಸಲಿ. ಆದರೆ ಕುದುರೆ, ಲಾಯ, ಸೈಸ್ ಮನೆಗಳು, ಅವರ ಮಕ್ಕಳ ಶಾಲೆ ಎಲ್ಲ ಸೇರಿಸಿ ಲೆಕ್ಕ ಹಾಕಿ ಸಾಗಿಸಲಿ. ಮುಂಬಯಿಯ ವಿಕ್ಟೋರಿಯಾ ಕುದುರೆ ಗಾಡಿಗಳನ್ನು ನೆನಪಿಸಿಕೊಳ್ಳಿ. 2015ರಲ್ಲಿ ಬಾಂಬೆ ಹೈಕೋರ್ಟ್ ಅವನ್ನು ನಿಲ್ಲಿಸಲು ಹೇಳಿದಾಗ, ಗಾಡಿಯವರಿಗೂ ಕುದುರೆಗಳಿಗೂ ಪುನರ್ವಸತಿ ಆಗಬೇಕು ಅಂತಲೂ ಹೇಳಿತ್ತು. ಕುದುರೆಯಿಲ್ಲದ, ಬ್ಯಾಟರಿಯ ವಿಕ್ಟೋರಿಯಾ ರಸ್ತೆಗೆ ಬಂದದ್ದು 2021ರಲ್ಲಿ. ನಡುವಿನ ಆ ವರ್ಷಗಳಲ್ಲಿ ಲಗಾಮು ಹಿಡಿದ ಕೈ ಏನು ಮಾಡಬೇಕಿತ್ತು?

ರೇಸ್ ಕುದುರೆಗಳು ದೇಶದ ಒಟ್ಟು ಕುದುರೆಗಳಲ್ಲಿ ಒಂದು ಸಣ್ಣ ಪಾಲು ಮಾತ್ರ. ಉಳಿದವು ಗಾಡಿ ಎಳೆಯುವವು, ಇಟ್ಟಿಗೆ ಗೂಡಿನಲ್ಲಿ ದುಡಿಯುವವು, ಮದುವೆ ಮೆರವಣಿಗೆಗೆ ನಿಲ್ಲುವವು. 2012ರ ಜಾನುವಾರು ಗಣತಿಯಲ್ಲಿ ಕುದುರೆ ಮತ್ತು ತಟ್ಟುಗಳು ಸೇರಿ ದೇಶದಲ್ಲಿ 6.25 ಲಕ್ಷ ಇದ್ದವು. 2019ರಲ್ಲಿ ಸುಮಾರು 3.4 ಲಕ್ಷ. ಏಳೇ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ. ಆಟೋ, ಟೆಂಪೋ ಬಂದ ಕಡೆ ಕುದುರೆಗೆ ಕೆಲಸ ಉಳಿಯಲಿಲ್ಲ. ಮೈಸೂರಿನಲ್ಲಿ ಟಾಂಗಾ ಇನ್ನೂ ಇದೆ, ಅರಮನೆ ನೋಡಲು ಬರುವ ಪ್ರವಾಸಿಗಳ ದೆಸೆಯಿಂದ. ದಸರಾ ಹೊತ್ತಿಗೆ ಪಂಚೆ, ರೇಷ್ಮೆ ಸೀರೆ ಉಟ್ಟ ದಂಪತಿಗಳನ್ನು ಕೂರಿಸಿಕೊಂಡು ಪಾರಂಪರಿಕ ಸವಾರಿಯೂ ನಡೆಯುತ್ತದೆ. ಆ ವಾರ ಚೆನ್ನಾಗಿರುತ್ತದೆ. ವರ್ಷದ ಉಳಿದ ದಿನಗಳಲ್ಲಿ ಹುರುಳಿಯ ಬೆಲೆ ದಸರಾಕ್ಕೆ ಕಾಯುವುದಿಲ್ಲ.

ಹಾಗಾದರೆ ಬೆಳೆಯುತ್ತಿರುವುದು ಯಾವುದು? ಸವಾರಿ. ಬೆಂಗಳೂರಿನ ಸುತ್ತ ದೇವನಹಳ್ಳಿ ಕಡೆ, ಸರ್ಜಾಪುರ ಕಡೆ ಸವಾರಿ ಶಾಲೆಗಳು ಕಾಣಿಸುತ್ತವೆ. ಮಕ್ಕಳು ಬರುತ್ತಾರೆ, ಐಟಿ ಕೆಲಸದವರು ಬರುತ್ತಾರೆ. ನನ್ನ ಜೊತೆ ಕಲಿಯುವವರಲ್ಲಿ ನಿವೃತ್ತ ಬ್ಯಾಂಕ್ ಮೇಡಂ ಒಬ್ಬರಿದ್ದಾರೆ, ಎಲ್ಲರಿಗಿಂತ ನೆಟ್ಟಗೆ ಕೂರುವುದು ಅವರೇ. ಇದಕ್ಕೆ ಒಂದು ದೊಡ್ಡ ಪ್ರೇರಣೆ ನಮ್ಮೂರಿನ ಸವಾರ ಫವಾದ್ ಮಿರ್ಜಾ. 2018ರ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ, ತಂಡದ ಬೆಳ್ಳಿ ಎರಡನ್ನೂ ತಂದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇವೆಂಟಿಂಗ್ (ಡ್ರೆಸಾಜ್, ಕ್ರಾಸ್ ಕಂಟ್ರಿ, ಜಿಗಿತ ಮೂರೂ ಸೇರಿದ ಸ್ಪರ್ಧೆ) ಫೈನಲ್ ತಲುಪಿ 23ನೆಯವರಾದರು. ಅದಕ್ಕೂ ಹಿಂದೆ ಭಾರತದವರೊಬ್ಬರು ಒಲಿಂಪಿಕ್ಸ್‌ನಲ್ಲಿ ಕುದುರೆ ಹತ್ತಿದ್ದು 2000ದ ಸಿಡ್ನಿಯಲ್ಲಿ. ಫವಾದ್ ಅವರ ತಂದೆ ಕುದುರೆ ವೈದ್ಯರು. ಕುದುರೆ ಮನೆತನದಲ್ಲೇ ಈ ಪ್ರತಿಭೆ ಬೆಳೆದದ್ದು ಆಶ್ಚರ್ಯವಲ್ಲ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರಲ್ಲಿ, ಕುದುರೆಯ ಹೆಜ್ಜೆ, ಶಿಸ್ತನ್ನು ಅಳೆಯುವ ಡ್ರೆಸಾಜ್‌ನಲ್ಲಿ ನಮ್ಮ ತಂಡ ಚಿನ್ನ ಗೆದ್ದಿತು. ಕುದುರೆ ಕ್ರೀಡೆಯಲ್ಲಿ 41 ವರ್ಷದ ನಂತರ ಬಂದ ಚಿನ್ನ.

ಆದರೆ ಈ ಪದಕಗಳ ಹಿಂದಿನ ಕುದುರೆಗಳು ಯುರೋಪಿನಲ್ಲಿದ್ದವು, ತರಬೇತಿಯೂ ಅಲ್ಲೇ. ಭಾರತದಿಂದ ಕುದುರೆ ಹೊರದೇಶಕ್ಕೆ ಹೋಗಿ ಸ್ಪರ್ಧಿಸಿ ಬರುವುದು ರೋಗದ ನಿಯಮಗಳಿಂದಾಗಿ ಆಗದ ಮಾತಾಗಿತ್ತು. ಗ್ಲ್ಯಾಂಡರ್ಸ್ ಅನ್ನುವ ಕಾಯಿಲೆ ಇಲ್ಲಿ ಇನ್ನೂ ಅಲ್ಲಲ್ಲಿ ಕಾಣಿಸುತ್ತದೆ. ಅದು ಮನುಷ್ಯರಿಗೂ ಹರಡುವಂಥದ್ದು. 2025ರ ಜುಲೈನಲ್ಲಿ ಮೀರತ್‌ನ ಸೇನಾ ಕೇಂದ್ರದಲ್ಲಿರುವ ಒಂದು ಆವರಣಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯಿಂದ ರೋಗಮುಕ್ತ ಅಂತ ಮಾನ್ಯತೆ ಸಿಕ್ಕಿತು. ದೇಶದಲ್ಲೇ ಮೊದಲನೆಯದು. ಇದು ಪತ್ರಿಕೆಯ ಒಳಪುಟದಲ್ಲಿ ಬಂದು ಹೋಯಿತು. ನನಗಂತೂ ಯಾವ ಪದಕಕ್ಕೂ ಕಡಿಮೆ ಅನ್ನಿಸಲಿಲ್ಲ. ಅಂಥ ಒಂದು ಆವರಣ ದಕ್ಷಿಣದಲ್ಲೂ ಆದರೆ ಇಲ್ಲೇ ಹುಟ್ಟಿ ಇಲ್ಲೇ ಪಳಗಿದ ಕುದುರೆ ಹತ್ತಿ ನಮ್ಮ ಹುಡುಗರು ಹೊರಗೆ ಹೋಗಬಹುದು.

ಸವಾರಿ ಶಾಲೆಗಳು ರೇಸ್ ಬಿಟ್ಟ ಜಾಗವನ್ನು ತುಂಬುತ್ತವಾ ಅನ್ನುವುದು ಈಗಿನ ದೊಡ್ಡ ಪ್ರಶ್ನೆ. ಪೂರ್ತಿ ತುಂಬಲಾರವು ಅಂತ ನನಗನ್ನಿಸುತ್ತದೆ. ರೇಸ್ ಕುದುರೆ ದುಡಿಯುವುದು ಹೆಚ್ಚೆಂದರೆ ಐದಾರು ವರ್ಷ. ಬದುಕುವುದು ಇಪ್ಪತ್ತೈದು ವರ್ಷದ ತನಕ. ಓಟ ಮುಗಿಸಿದವುಗಳಲ್ಲಿ ಕೆಲವು ಹೆಣ್ಣುಗಳು ಸ್ಟಡ್ ಫಾರಂಗೆ ಹೋಗುತ್ತವೆ. ಕೆಲವು ಪೊಲೀಸ್ ಅಶ್ವದಳಕ್ಕೆ, ಕೆಲವು ಸವಾರಿ ಶಾಲೆಗೆ. ಹಿಂದೆ ಒಂದು ಪಾಲು ಸೀರಂ (ರಕ್ತದಿಂದ ತೆಗೆಯುವ, ಔಷಧಕ್ಕೆ ಬಳಸುವ ದ್ರವ) ತಯಾರಿಕೆಗೂ ಹೋಗುತ್ತಿತ್ತು. ಪುಣೆಯ ಸೈರಸ್ ಪೂನಾವಾಲಾ ಅವರ ಮನೆಯ ಸ್ಟಡ್ ಫಾರಂನಿಂದ ನಿವೃತ್ತ ಕುದುರೆಗಳನ್ನು ಸೀರಂ ತಯಾರಿಸುವ ಮುಂಬಯಿಯ ಹಾಫ್ಕಿನ್ ಸಂಸ್ಥೆಗೆ ಕೊಡುತ್ತಿದ್ದರು. ಅದನ್ನು ತಾವೇ ಯಾಕೆ ಮಾಡಬಾರದು ಅನ್ನಿಸಿದ್ದೇ 1966ರಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಶುರುವಾಗಲು ಕಾರಣ. ಇವತ್ತಿಗೂ ಹಾವು ಕಚ್ಚಿದವರಿಗೆ ಕೊಡುವ ಔಷಧ ತಯಾರಾಗುವುದು ಕುದುರೆಯ ರಕ್ತದಿಂದಲೇ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜೀವ ಉಳಿದಿರುವುದು ಕುದುರೆಯ ಋಣದಿಂದ.

ಮತ್ತೆ, ಓಡಿದ ಕುದುರೆಯನ್ನು ಮಕ್ಕಳು ಹತ್ತುವ ಕುದುರೆ ಮಾಡುವುದು ಸುಮ್ನೆ ಆಗುವ ಕೆಲಸವಲ್ಲ. ಲಗಾಮು ಬಿಗಿಯಾದಷ್ಟೂ ಅದರ ಮೇಲೆ ಭಾರ ಬಿಟ್ಟು ಮುನ್ನುಗ್ಗಬೇಕು ಅಂತ ಅದಕ್ಕೆ ಎಳೆತನದಿಂದ ಅಭ್ಯಾಸ. ಈಗ ಲಗಾಮು ಬಿಗಿ ಮಾಡಿದರೆ ನಿಲ್ಲಬೇಕು ಅಂತ ಕಲಿಸಬೇಕು. ಪಕ್ಕದಲ್ಲಿ ಇನ್ನೊಂದು ಕುದುರೆ ಬಂದರೆ ಅದನ್ನು ದಾಟುವ ಆತುರ ಬಿಡಿಸಬೇಕು. ನಾನು ಹತ್ತುವ ಕುದುರೆಗೆ ಮೊದಮೊದಲು ವೃತ್ತದಲ್ಲಿ ನಡೆಯಲೇ ಬರುತ್ತಿರಲಿಲ್ಲವಂತೆ, ಸೀದಾ ಬೇಲಿ ಕಡೆ ಹೊರಡುತ್ತಿತ್ತಂತೆ. ಭಾಯ್ ಅದನ್ನು ತಿಂಗಳುಗಟ್ಟಲೆ ಬರೀ ನಡೆಸಿದರು. ಉದ್ದ ಹಗ್ಗದಲ್ಲಿ ಎಡಕ್ಕೆ, ಬಲಕ್ಕೆ. ಲಾಳವನ್ನೂ ಬದಲಿಸಿದರು. ರೇಸಿಗೆ ಹಗುರ ಅಲ್ಯೂಮಿನಿಯಂ, ಇಲ್ಲಿಗೆ ಕಬ್ಬಿಣ. ಆ ತಿಂಗಳುಗಳಲ್ಲಿ ಕುದುರೆಯಿಂದ ಒಂದು ರೂಪಾಯಿ ಬರಲಿಲ್ಲ, ಖರ್ಚು ಮಾತ್ರ. ಸಣ್ಣ ಶಾಲೆಗಳಿಗೆ ಇದು ಕಷ್ಟ. ಹಾಗಾಗಿ ಕೆಲವರು ಅವಸರ ಮಾಡುತ್ತಾರೆ, ಅರ್ಧ ಪಳಗಿದ ಕುದುರೆ ಮೇಲೆ ಮಕ್ಕಳನ್ನು ಕೂರಿಸುತ್ತಾರೆ. ಬಿದ್ದ ಮಗು ಮತ್ತೆ ಬರುವುದಿಲ್ಲ, ಕುದುರೆಗೆ ಕೆಟ್ಟ ಹೆಸರು.

ಬ್ರಿಟನ್ನಿನಲ್ಲಿ 2000ದಿಂದಲೇ ಓಟ ಮುಗಿಸಿದ ಕುದುರೆಗಳಿಗೆ ಮರುತರಬೇತಿ ಕೊಡಿಸಲು ಅಂತಲೇ ರೇಸಿಂಗ್‌ನವರು ಕಟ್ಟಿಕೊಂಡ ಸಂಸ್ಥೆ ಇದೆ. ನಮ್ಮಲ್ಲೂ ಇದು ಆಗದ ಕೆಲಸವೇನಲ್ಲ. ಪ್ರತಿ ಮರಿ ದಾಖಲಾಗುವಾಗ ಇಷ್ಟು, ಪ್ರತಿ ಓಟದ ಬಹುಮಾನದಿಂದ ಇಷ್ಟು ಅಂತ ಒಂದು ನಿಧಿಗೆ ಹಾಕಿದರೆ, ಆ ಕುದುರೆ ನಿವೃತ್ತವಾದ ಮೊದಲ ವರ್ಷದ ಖರ್ಚಾದರೂ ಹೊರಡುತ್ತದೆ. ಸರ್ಕಾರ ಶೇ 40ರಲ್ಲಿ ಸಣ್ಣ ಪಾಲನ್ನಾದರೂ ಇದಕ್ಕೆ ತಿರುಗಿಸಬಹುದು. ಕುದುರೆಯ ಬೆನ್ನ ಮೇಲೆ ಬಂದ ದುಡ್ಡು ತಾನೇ ಅದು?

ಭಾಯ್‌ಗೆ ಒಂದು ಸಲ ಕೇಳಿದೆ, ನಿಮ್ಮ ಮಗನಿಗೆ ಈ ಕೆಲಸ ಕಲಿಸಿದ್ದೀರಾ ಅಂತ. "ಇಲ್ಲ ಮೇಡಂ, ಅವನು ಡೆಲಿವರಿ ಮಾಡ್ತಾನೆ. ಇದ್ರಲ್ಲಿ ಏನಿದೆ? ನಾನು ಸೈಸ್ ಅಂತ ಹೇಳೋಕೆ ಒಂದು ಕಾಗದ ಇಲ್ಲ" ಅಂದರು. ಆಸ್ಪತ್ರೆಯಲ್ಲಿ ದಾದಿಗೆ ಸರ್ಟಿಫಿಕೇಟ್ ಇದೆ, ಎಲೆಕ್ಟ್ರಿಷಿಯನ್‌ಗೆ ಐಟಿಐ ಇದೆ. ಲಕ್ಷಗಟ್ಟಲೆ ಬೆಲೆಯ ಪ್ರಾಣಿಯ ಜೀವ ಯಾರ ಅಂಗೈಯಲ್ಲಿದೆಯೋ ಅವರಿಗೆ ಏನೂ ಇಲ್ಲ. ಒಳ್ಳೆಯ ಸೈಸ್ ಸಿಗುತ್ತಿಲ್ಲ, ಲಾಳ ಕಟ್ಟುವವರು ಸಿಗುತ್ತಿಲ್ಲ ಅಂತ ಸವಾರಿ ಶಾಲೆ ನಡೆಸುವವರು ಗೋಳಾಡುತ್ತಾರೆ. ರೇಸ್ ಲಾಯಗಳಿಂದ ಹೊರಬಿದ್ದವರು ಕೆಲಸ ಹುಡುಕುತ್ತಿದ್ದಾರೆ. ಇಬ್ಬರನ್ನೂ ಸೇರಿಸುವ ವ್ಯವಸ್ಥೆ ನಡುವೆ ಇಲ್ಲ.

ಇಲ್ಲಿಗೆ ಬಂದಾಗ ನನಗೆ ಕುಣಿಗಲ್ ನೆನಪಾಗುತ್ತದೆ. ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರಂ 400 ಎಕರೆಗೂ ದೊಡ್ಡದು. ಟಿಪ್ಪು ಕಾಲದಲ್ಲಿ ಸೈನ್ಯದ ಕುದುರೆಗಳಿಗಾಗಿ ಶುರುವಾಗಿ, ಬ್ರಿಟಿಷರನ್ನೂ ಮೈಸೂರು ಅರಸರನ್ನೂ ಕಂಡು, ಕೊನೆಗೆ ರೇಸ್ ಕುದುರೆಗಳ ತವರಾದ ಜಾಗ. 1992ರಲ್ಲಿ ಯುಬಿ ಗುಂಪಿನ ಕಂಪನಿಗೆ 30 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದರು. ಆ ಅವಧಿ ಮುಗಿದ ಮೇಲೆ ಅಲ್ಲಿ ಟೌನ್‌ಶಿಪ್ ಕಟ್ಟುವ ಮಾತು ಬಂತು. ಊರಿನವರೇ ಬೇಡ ಅಂದರು. ಸೈನ್ಯದ ಕುದುರೆ ಹೋಗಿ ರೇಸ್ ಕುದುರೆ ಬಂದಾಗಲೂ ಆ ಜಮೀನು ಕುದುರೆಯ ಜಮೀನಾಗಿಯೇ ಉಳಿಯಿತು. ರೇಸ್ ಕಡಿಮೆಯಾದ ಈ ಕಾಲದಲ್ಲೂ ಹಾಗೇ ಉಳಿಯಬಾರದು ಅಂತ ಏನಿಲ್ಲ.

ಅಲ್ಲಿ ಸೈಸ್‌ಗಳಿಗೆ, ಲಾಳ ಕಟ್ಟುವವರಿಗೆ ಒಂದು ವರ್ಷದ ಕೋರ್ಸ್ ನಡೆಸಬಹುದು. ಕಲಿಸಲು ಭಾಯ್ ಥರದವರೇ ಸಾಕು, ಅವರಿಗೆ ಸಂಬಳದ ಜೊತೆ ಒಂದು ಕಾಗದವನ್ನೂ ಕೊಡಲಿ. ಓಟ ಮುಗಿಸಿದ ಕುದುರೆಗಳು ಬೆಂಗಳೂರು, ಮೈಸೂರಿನಿಂದ ಸೀದಾ ಅಲ್ಲಿಗೆ ಹೋಗಿ, ಕೆಲವು ತಿಂಗಳು ಬರೀ ಮೇಯ್ದು, ಆಮೇಲೆ ನಿಧಾನಕ್ಕೆ ಹೊಸ ಕೆಲಸ ಕಲಿಯಲಿ. ಪಶುವೈದ್ಯ ವಿದ್ಯಾರ್ಥಿಗಳು ಹೆರಿಗೆಯ ರಾತ್ರಿಗಳಲ್ಲಿ ಅಲ್ಲಿ ನಿಂತು ನೋಡಲಿ. ರೋಗಮುಕ್ತ ಆವರಣಕ್ಕೆ ಬೇಕಾದ ಬಯಲೂ ಬೇಲಿಯೂ ಅಲ್ಲಿವೆ. ಬೆಂಗಳೂರಿನ 85 ಎಕರೆ ಏನಾಗಬೇಕು ಅಂತ ವಿಧಾನಸೌಧದಲ್ಲಿ ಮತ್ತೆ ಮಾತು ಬರುತ್ತದೆ, ಬಂದೇ ಬರುತ್ತದೆ. ಅವತ್ತು ಅದೇ ಕಡತದಲ್ಲಿ ಕುಣಿಗಲ್ ಹೆಸರೂ ಇರಬೇಕು. ಎಷ್ಟು ಕುದುರೆ, ಎಷ್ಟು ಸೈಸ್ ಕುಟುಂಬ ಅಂತ ಎಣಿಸಿದ ಪಟ್ಟಿಯೂ ಇರಬೇಕು. ಆ ಎಣಿಕೆ ಶುರು ಮಾಡಲು ಯಾವ ಕೋರ್ಟಿನ ತೀರ್ಪಿಗೂ ಕಾಯಬೇಕಾಗಿಲ್ಲ.